ಕರು ಹಾಕಿದ ಹಸು ಏಳದಿದ್ದರೆ



ನಮ್ಮಲ್ಲಿ ಅನೇಕರು ಸಂಘದ ಸಾಲದಿಂದ ಹಸು ಕೊಂಡವರು. ಕರು ಹಾಕಿದ ಮೊದಲ 3 ದಿನ ಅದರ ಮೇಲೆ ಕಣ್ಣಿಡಿ. ಹೆಚ್ಚು ಹಾಲು ಕೊಡುವ, ಎರಡು ಸೂಲು ದಾಟಿದ ಹಸುವಿಗೆ ಅಪಾಯ ಜಾಸ್ತಿ. ಮೇವು ಬಿಡುತ್ತೆ, ಕಾಲು ನಡುಗುತ್ತೆ, ಆಮೇಲೆ ಮಲಗಿ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತೆ. ಇದೇ ಹಾಲು ಜ್ವರ. ಹೆಸರು ಜ್ವರ, ಆದರೆ ಮೈ ಸುಡೋದಿಲ್ಲ. ಕಿವಿ ಮುಟ್ಟಿ ನೋಡಿ, ತಣ್ಣಗಿರುತ್ತೆ. ರಕ್ತದಲ್ಲಿನ ಸುಣ್ಣದ ಅಂಶ ಒಮ್ಮೆಲೇ ಹಾಲಿಗೆ ಹೋಗುವುದೇ ಕಾರಣ.

"ದೃಷ್ಟಿ ತಾಗಿದೆ" ಅಂತ ಸುಮ್ಮನೆ ಕೂರಬೇಡಿ. ಬಾಯಿಗೆ ಗಂಜಿ, ಕಷಾಯ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಪಕ್ಕಕ್ಕೆ ಉರುಳದಂತೆ ಹುಲ್ಲಿನ ಮೂಟೆ ಆನಿಸಿ, ತಕ್ಷಣ 1962ಕ್ಕೆ ಫೋನ್ ಮಾಡಿ. ಡಾಕ್ಟರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಏಳುತ್ತವೆ. ತಡಮಾಡಿದರೆ ಹಸು ಹೋಗುತ್ತೆ, ಸಾಲ ಉಳಿಯುತ್ತೆ.

ಮುಂದಿನ ವಾರದ ಸಭೆಯಲ್ಲಿ ಎಲ್ಲರಿಗೂ ಇದನ್ನು ತಿಳಿಸಿ.