ಯಾವ ಕಡೆಗೆ ಎಷ್ಟು ಏರು?

ಕಲನಶಾಸ್ತ್ರವನ್ನು ಹೊಸದಾಗಿ ಕಲಿಯುವ ವಿದ್ಯಾರ್ಥಿಗೆ ಏರು ಎಂಬುದು ಒಂದೇ ಸಂಖ್ಯೆ. ಕಾಗದದ ಮೇಲಿನ ವಕ್ರರೇಖೆ ಒಂದೇ ದಾರಿ. ಒಂದು ಬಿಂದುವಿನಲ್ಲಿ ಅದು ಎಷ್ಟು ಏರುತ್ತದೆ ಎಂದರೆ ಉತ್ತರವೂ ಒಂದೇ. ಚರಗಳು ಎರಡಾದೊಡನೆ ರೇಖೆಯ ಸ್ಥಾನದಲ್ಲಿ ಗುಡ್ಡ ಬಂದು ನಿಲ್ಲುತ್ತದೆ. ಗುಡ್ಡದ ಮೈಮೇಲೆ ನಿಂತವನನ್ನು "ಇಲ್ಲಿ ಏರು ಎಷ್ಟು?" ಎಂದು ಕೇಳಿದರೆ, "ಯಾವ ಕಡೆಗೆ?" ಎಂದು ಅವನು ಮರುಪ್ರಶ್ನೆ ಹಾಕಬೇಕು. ಬಹುಚರ ಕಲನಶಾಸ್ತ್ರದ ತಿಳಿವು ಮೊಳೆಯುವುದು ಈ ಮರುಪ್ರಶ್ನೆಯಲ್ಲಿ.

ಪಠ್ಯಪುಸ್ತಕವು ಮೊದಲು ಕಲಿಸುವುದು ಆಂಶಿಕ ಅವಕಲನವನ್ನು: ಒಂದು ಚರವನ್ನು ಕಟ್ಟಿಹಾಕಿ ಇನ್ನೊಂದನ್ನು ಮಾತ್ರ ನಡೆಸುವುದು. ಅದರ ದುಂಡು 'ಡಿ' ಚಿಹ್ನೆಯನ್ನು 1786ರಲ್ಲಿ ಫ್ರಾನ್ಸಿನ ಲಜಾಂಡ್ರ ಪ್ರಯೋಗಿಸಿದರು; 1841ರಲ್ಲಿ ಜರ್ಮನ್ ಗಣಿತಜ್ಞ ಯಾಕೋಬಿ ಮತ್ತೆ ಕೈಗೆತ್ತಿಕೊಂಡ ಮೇಲೆ ಅದು ನೆಲೆಗೊಂಡಿತು. ಚಿಹ್ನೆಯನ್ನು ನಿಯಮದಂತೆ ನಡೆಸಿ ಅಂಕ ಗಳಿಸಬಹುದು. ಆದರೆ ಬಂದ ಎರಡು ಸಂಖ್ಯೆಗಳು ಕೂಡಿ ಏನು ಹೇಳುತ್ತವೆ? ಎರಡು ಪದಗಳ ಅರ್ಥ ಬಲ್ಲವನಿಗೆ ವಾಕ್ಯದ ಅರ್ಥವೂ ಆಯಿತೆನ್ನಲಾಗದು. ಕನ್ನಡ ಪಾಠ ಹೇಳಿದ ನನಗೆ ಇದು ಪರಿಚಿತವಾದ ತೊಡಕು.

ಒಂದೇ ಸಮನೆ ಓರೆಯಾದ ಹೊಲವೊಂದನ್ನು ಭಾವಿಸಿಕೊಳ್ಳಿ. ಪೂರ್ವಕ್ಕೆ 100 ಮೀಟರ್ ಸರಿದರೆ ಏರು 3 ಮೀಟರ್. ಉತ್ತರಕ್ಕೆ ಅಷ್ಟೇ ಸರಿದರೆ 4 ಮೀಟರ್. ಅತಿ ಕಡಿದಾದ ಏರು ಎಷ್ಟು? ನಾಲ್ಕೆನ್ನುವವರುಂಟು, ಕೂಡಿಸಿ ಏಳೆನ್ನುವವರೂ ಉಂಟು. ಪೂರ್ವಕ್ಕೆ 60, ಉತ್ತರಕ್ಕೆ 80 ಮೀಟರ್ ಆಗುವಂತೆ ಓರೆಯಾಗಿ 100 ಮೀಟರ್ ಸರಿಯಿರಿ: 1.8 ಮತ್ತು 3.2 ಕೂಡಿ 5 ಮೀಟರ್. ಇದಕ್ಕಿಂತ ಕಡಿದಾದ ದಾರಿ ಆ ಹೊಲದಲ್ಲಿಲ್ಲ. ಈ ದಿಕ್ಕನ್ನೂ ಈ ಅಳತೆಯನ್ನೂ ಒಟ್ಟಿಗೆ ಹೇಳುವುದೇ ಗ್ರೇಡಿಯೆಂಟ್. ಅದಕ್ಕೆ ಲಂಬವಾಗಿ, ಪೂರ್ವಕ್ಕೆ 80, ದಕ್ಷಿಣಕ್ಕೆ 60 ಮೀಟರ್ ಸರಿದರೆ 2.4 ಏರಿ 2.4 ಇಳಿದಂತಾಗಿ, ಎತ್ತರ ಬದಲಾಗುವುದೇ ಇಲ್ಲ. ನುಣುಪಾದ ಗುಡ್ಡದ ಮೈ ಎಷ್ಟೇ ಬಾಗಿದ್ದರೂ, ಅಂಗಾಲಿನಷ್ಟು ಜಾಗದಲ್ಲಿ ಅದು ಹೆಚ್ಚುಕಡಿಮೆ ಈ ಹೊಲದಂತೆಯೇ.

ಮಳೆಯಾಶ್ರಿತ ಹೊಲಗಳಲ್ಲಿ ಸಮಪಾತಳಿ ಬದು ಹಾಕುವುದು ಎತ್ತರ ಬದಲಾಗದ ಈ ದಿಕ್ಕಿನಲ್ಲಿ. ನೀರು ಕಡಿದಾದ ಹಾದಿ ಹಿಡಿದು ಇಳಿಯುತ್ತದೆ. ಬದು ಅದಕ್ಕೆ ಅಡ್ಡ ನಿಂತು ಮಣ್ಣನ್ನು ಉಳಿಸುತ್ತದೆ. ದಿಕ್ಕು ತಪ್ಪಿದರೆ ನೀರು ಬದುವಿನ ಗುಂಟವೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಆದುದರಿಂದ ಸೂತ್ರಕ್ಕೆ ಮೊದಲು ವಿದ್ಯಾರ್ಥಿಯ ಮುಂದೆ ಸಮೋನ್ನತಿ ರೇಖೆಗಳ ನಕ್ಷೆಯನ್ನು ಹರಡಿ, ಅಲ್ಲಲ್ಲಿ ಬೆರಳಿಟ್ಟು, "ಇಲ್ಲಿ ನೀರು ಎತ್ತ ಹರಿದೀತು?" ಎಂದು ಕೇಳಬೇಕು. ಗೆರೆಗಳು ಒತ್ತಾದಲ್ಲಿ ಕಡಿದು, ವಿರಳವಾದಲ್ಲಿ ಸಪಾಟು, ನೀರು ಗೆರೆಗೆ ಲಂಬ ಎಂದು ಅವನೇ ಹೇಳತೊಡಗಿದಾಗ ಸೂತ್ರವನ್ನು ಹಲಗೆಯ ಮೇಲೆ ಬರೆಯಬಹುದು. ಆಗ ಅವನಿಗೆ ಅದನ್ನು ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ.