ಅಂಗಳದ ಕಳೆಗೆ ಕೈಯೇ ಮದ್ದು

ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ನೀವು ಮನೆ ಮಾಡಿಕೊಂಡಿದ್ದರೆ, ಮನೆಯ ಸುತ್ತ ನಾಲ್ಕೈದು ಸೆಂಟ್ಸ್ ಜಾಗ, ಎರಡು ತೆಂಗು, ಒಂದು ಹಲಸು, ಮೂಲೆಯಲ್ಲೊಂದು ಬಾವಿ ಇದ್ದೀತು. ಮಳೆಗಾಲ ಮುಗಿಯುವಷ್ಟರಲ್ಲಿ ಇವೆಲ್ಲದರ ಮೇಲೆ ಹಸಿರು ಕಂಬಳಿ ಹೊದಿಸಿದಂತೆ ಒಂದು ಬಳ್ಳಿ ಹಬ್ಬುವುದನ್ನೂ ನೋಡಿರುತ್ತೀರಿ. ಹೃದಯದ ಆಕಾರದ ಎಲೆ, ಸಣ್ಣ ಬಿಳಿ ಹೂಗಳ ಗೊಂಚಲು. ಸಸ್ಯಶಾಸ್ತ್ರದ ಹೆಸರು ಮಿಕಾನಿಯ ಮೈಕ್ರಾಂತ. ಮಲಯಾಳಿಗಳು ಇಟ್ಟ ಹೆಸರು ಧೃತರಾಷ್ಟ್ರಪಚ್ಚ. ಭೀಮನೆಂದು ಭ್ರಮಿಸಿ ಉಕ್ಕಿನ ಪ್ರತಿಮೆಯನ್ನು ಅಪ್ಪಿ ಪುಡಿ ಮಾಡಿದನಲ್ಲ, ಆ ಧೃತರಾಷ್ಟ್ರನ ಆಲಿಂಗನವೇ ಇದು. ಬಾಳೆಯನ್ನೋ ನಿಂಬೆಯನ್ನೋ ಅಪ್ಪಿಕೊಂಡರೆ ಬಿಸಿಲು ಕಾಣಿಸದೆ ಸೊರಗಿಸುತ್ತದೆ.

ಇದರ ಬಳಗ ದೊಡ್ಡದು. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ, ಕಾಸರಗೋಡಿನಿಂದ ಮಂಗಳೂರಿನವರೆಗೂ ಕಮ್ಯೂನಿಸ್ಟ್ ಗಿಡ ಎಂದು ಕರೆಸಿಕೊಳ್ಳುವ ಕ್ರೊಮೊಲೀನ, ಎರಡೂ ಅಮೆರಿಕ ಖಂಡದಿಂದ ಬಂದವು. ನಾವು ಪಕ್ಷಗಳ ಹೆಸರಿಟ್ಟೆವು, ಗಿಡಕ್ಕೆ ಯಾವ ಪಕ್ಷವೂ ಇಲ್ಲ! ನರ್ಸರಿಯಿಂದ ನಾವೇ ದುಡ್ಡು ಕೊಟ್ಟು ತಂದ ಹಳದಿ ಹೂವಿನ ವೆಡೇಲಿಯಾ ಕೂಡ ಇದೇ ಗುಂಪಿನದು. ಕುಂಡದಿಂದ ಇಳಿದು ಅಂಗಳ ದಾಟಿ ಈಗ ರಸ್ತೆ ಬದಿಗೂ ತೋಡಿನ ದಂಡೆಗೂ ಹೋಗಿದೆ.

"ಅಂಗಡಿಯಿಂದ ಒಂದು ಬಾಟಲಿ ಕಳೆನಾಶಕ ತಂದು ಹೊಡೆದರಾಯಿತು" ಎಂದು ಹೇಳುವವರಿದ್ದಾರೆ. ಆತುರಪಡಬೇಡಿ. ನಿಮ್ಮ ಬಾವಿ ಎಷ್ಟು ಹೆಜ್ಜೆ ದೂರದಲ್ಲಿದೆ, ಒಮ್ಮೆ ಎಣಿಸಿ ನೋಡಿ. ಹತ್ತು? ಹದಿನೈದು? ಇಲ್ಲಿ ಸುರಿಯುವ ಮಳೆಗೆ ಅಂಗಳಕ್ಕೆ ಬಿದ್ದದ್ದು ಬಾವಿಗೆ ಇಳಿಯಲು ಎಷ್ಟು ಹೊತ್ತು? ಕಾಸರಗೋಡಿನ ಕನ್ನಡಿಗರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಊರುಗಳ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಅದು ಕೀಟನಾಶಕ, ಕಳೆನಾಶಕವಲ್ಲ, ನಿಜ. ಆದರೆ ಸುರಿದ ಮೇಲೆ ವಾಪಸು ತೆಗೆಯಲು ಬರುವುದಿಲ್ಲ ಎಂಬ ಮಾತು ಎರಡಕ್ಕೂ ಒಂದೇ. ಕಳೆನಾಶಕ ಗ್ಲೈಫೋಸೇಟ್ ಮಾರಾಟವನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು.

ಹಾಗಾದರೆ ಕೈಯಿಂದ ಕೀಳುವುದು ಹೇಗೆ? ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ಕತ್ತಿ ಹಿಡಿದು ಬಳ್ಳಿಯನ್ನು ಕೊಚ್ಚಿ, ತುಂಡುಗಳನ್ನು ಗೊಬ್ಬರದ ಗುಂಡಿಗೆ ಹಾಕಿದೆ. ತಿಂಗಳೊಳಗೆ ಗುಂಡಿಯೇ ಕಾಣಲಿಲ್ಲ! ಈ ಬಳ್ಳಿಯ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಕೊಚ್ಚಿದಷ್ಟೂ ಸಸಿ ಮಾಡಿಕೊಟ್ಟಂತೆ. ವೆಡೇಲಿಯಾಕ್ಕೂ ಇದೇ ಗುಣ.

ಸರಿಯಾದ ಕ್ರಮ ಇಷ್ಟು. ಮಳೆ ಬಂದು ಮಣ್ಣು ಮೆತ್ತಗಾದ ಮರುದಿನ ಕೆಲಸಕ್ಕೆ ಇಳಿಯಿರಿ, ಬೇರು ಸಲೀಸಾಗಿ ಬರುತ್ತದೆ. ಕೈಗವಸು ಇರಲಿ; ಪೊದೆಯೊಳಗೆ ಹಾವು ಇರಬಹುದು, ಆಫ್ರಿಕದ ದೊಡ್ಡ ಬಸವನಹುಳು ಇರಬಹುದು, ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಕೋಲಿನಿಂದ ತಟ್ಟಿ ನೋಡಿ. ಮರ ಹತ್ತಿದ ಬಳ್ಳಿಯನ್ನು ಎಳೆದು ತುಂಡು ಮಾಡಬೇಡಿ. ಬುಡದಲ್ಲಿ ಕತ್ತರಿಸಿ, ಮೇಲಿನದು ಮರದಲ್ಲೇ ಒಣಗಲಿ. ಬುಡವನ್ನು ಮಾತ್ರ ಬೇರು ಸಮೇತ ಅಗೆಯಿರಿ. ನೆಲದ ಬಳ್ಳಿಯನ್ನು ಚಾಪೆ ಸುತ್ತಿದಂತೆ ಅಂಚಿನಿಂದ ಸುತ್ತುತ್ತಾ ಬನ್ನಿ. ಹೂ ಬಿಡುವ ಮೊದಲೇ ಮುಗಿಸಿ. ಬೀಜ ಕೂದಲಿನಷ್ಟು ಹಗುರ, ಗಾಳಿಯಲ್ಲಿ ಹಾರುತ್ತದೆ.

ಕಿತ್ತದ್ದನ್ನು ತೋಡಿಗೆ ಎಸೆಯಬೇಡಿ, ಹಸಿಯಾಗಿ ಗೊಬ್ಬರದ ಗುಂಡಿಗೂ ಹಾಕಬೇಡಿ. ಟೆರೇಸಿನ ಮೇಲೋ ಟಾರ್ಪಾಲಿನ ಮೇಲೋ ಮಣ್ಣು ತಾಗದಂತೆ ಹರಡಿ. ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ತೆಂಗಿನ ಬುಡಕ್ಕೆ ಹಾಕಬಹುದು.

ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ ಇದು. ಎರಡು ಮೂರು ವಾರಕ್ಕೊಮ್ಮೆ ಅರ್ಧ ಗಂಟೆ ಸುತ್ತು ಹಾಕಿ, ಚಿಗುರಿದ್ದನ್ನು ಕೀಳಿ. ಖಾಲಿಯಾದ ನೆಲವನ್ನು ಖಾಲಿ ಬಿಡಬೇಡಿ. ಅರಿಶಿನ, ಶುಂಠಿ, ಕೆಸು, ನೆರಳಿನಲ್ಲಿ ಒಂದೆಲಗ ಹಾಕಿ. ಕೀಳುವಾಗ ಕಣ್ಣು ತೆರೆದಿರಲಿ: ತುಂಬೆ ಕಳೆಯಂತೆ ಕಂಡರೂ ನಮ್ಮದೇ. ಓಣಂ ಪೂಕಳಕ್ಕೆ ಬೇಕಾದ ತುಂಬೆ ಈಗ ಎಷ್ಟು ಅಂಗಳಗಳಲ್ಲಿ ಉಳಿದಿದೆ? ಬಳ್ಳಿಯಡಿ ಉಸಿರು ಕಟ್ಟಿರುವ ಒಂದು ತುಂಬೆ ಗಿಡಕ್ಕೆ ಬಿಸಿಲು ಕಾಣಿಸಿದರೂ ನಿಮ್ಮ ಶ್ರಮ ಸಾರ್ಥಕ.

ಕೊನೆಯ ಮಾತು. ಬಳ್ಳಿಗೆ ಕಾಂಪೌಂಡ್ ಗೋಡೆಯ ಹಂಗಿಲ್ಲ. ನಿಮ್ಮ ಅಂಗಳ ಚೊಕ್ಕವಾದರೂ ಪಕ್ಕದ ಮನೆಯಿಂದ ಮತ್ತೆ ಬರುತ್ತದೆ. ಹಾಗಾಗಿ ಮುಂದಿನ ಭಾನುವಾರ ಗೋಡೆಯಾಚೆಯ ಚೇಟನನ್ನೋ ಚೇಚಿಯನ್ನೋ ಕರೆಯಿರಿ. ಮಲಯಾಳ ಅರ್ಧಂಬರ್ಧ ಬಂದರೂ ಅಡ್ಡಿಯಿಲ್ಲ. ಧೃತರಾಷ್ಟ್ರಪಚ್ಚ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ.