ಮಕ್ಕಳೊಡನೆ ಮಾತನಾಡೋಣ
(ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಆಡಿದ ಮಾತುಗಳು)



ನಾನು ಭಾಷಣಗಾರನಲ್ಲ, ಅಂಗಡಿಯವನು. "ಅಪ್ಪನಿಗೆ ಬೀಡಿ ಬೇಕಂತೆ" ಎಂದು ಬಂದ ಹುಡುಗರಿಗೆ ಹಿಂದೆ ನಾನೂ ಕಟ್ಟು ಕೊಟ್ಟದ್ದುಂಟು. ಅವರಲ್ಲೊಬ್ಬ ಕೆಲವೇ ವರ್ಷಗಳಲ್ಲಿ ತನಗಾಗಿಯೇ ಕೇಳಿಕೊಂಡು ಬಂದಾಗ ನನ್ನ ತಪ್ಪು ತಿಳಿಯಿತು. 18 ವರ್ಷದೊಳಗಿನವರಿಗೆ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯಿದೆಯಿದೆ. ನಮ್ಮ ಕೇರಳದಲ್ಲಿ 23 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಕಾಯಿದೆ ಅಂಗಡಿಯಲ್ಲಿ ತಡೆದೀತು. ಮನೆಯೊಳಗಿನ ಮಾತನ್ನು ಹೆತ್ತವರೇ ಆಡಬೇಕು.

ಮಗನ ಬಾಯಲ್ಲಿ ವಾಸನೆ ಕಂಡ ರಾತ್ರಿಯೇ ಹೊಡೆದು ಬೈದರೆ ಅವನು ಮರುದಿನದಿಂದ ಅಡಗಿಸಲು ಕಲಿಯುತ್ತಾನೆ. ಬೆಳಗಾಗಲಿ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕುಳಿತು, "ಯಾರ ಜೊತೆಗಿದ್ದೆ ಮಗಾ? ಯಾಕೆ ಬೇಕೆನಿಸಿತು?" ಎಂದು ಕೇಳಿ. ಅವನು ಹೇಳಿ ಮುಗಿಸುವ ತನಕ ಸುಮ್ಮನಿರಿ. ಗಾಂಜಾ, ಮಾತ್ರೆ ಎಂದು ತಿಳಿದರೂ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಈ ಚಟಕ್ಕೆ ಚಿಕಿತ್ಸೆಯಿದೆ. 14446ಕ್ಕೆ ಫೋನ್ ಮಾಡಿದರೆ ಉಚಿತ ಸಲಹೆ ಸಿಗುತ್ತದೆ.

ಅಪ್ಪಂದಿರಲ್ಲಿ ಕೈಮುಗಿದು ಒಂದು ಬೇಡಿಕೆ: ಇನ್ನು ಬೀಡಿಗೂ ಬಾಟಲಿಗೂ ಮಕ್ಕಳನ್ನು ಕಳುಹಿಸಬೇಡಿ. ಕಳುಹಿಸಿದರೆ ನನ್ನ ಅಂಗಡಿಯಿಂದ ಅವರು ಬರಿಗೈಯಲ್ಲೇ ಬರುತ್ತಾರೆ.

ಶ್ರೀ ದೇವರು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ.